ಬೋರ್ಡಿನ ಕೊನೆಯ ಸಾಲು

ಮಲಾಡ್, ಮುಂಬಯಿ
12 ಫೆಬ್ರುವರಿ 1953

ಚಿರಂಜೀವಿ ಅಂಬವ್ವಳಿಗೆ ಅಣ್ಣ ಮುರಿಗೆಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಕಾಂತುವಿನ ಫೋಟೋ ನಿನ್ನೆ ಮುಟ್ಟಿತು. ಆಗ ನಿನ್ನ ವೈನಿ ಮಲ್ಲವ್ವ ಬಾಟಲಿ ತೊಳೆಯುತ್ತಿದ್ದಳು. ಒದ್ದೆ ಕೈಯಿಂದ ಮುಟ್ಟಬಾರದೆಂದು ನನ್ನ ಕೈಯಲ್ಲೇ ಹಿಡಿಸಿ ನೋಡಿದಳು. "ಮಾವನವರ ಹೆಸರು ಇಟ್ಟದ್ದಕ್ಕ ಹಣೀನೂ ಅವರದ ಬಂದೈತಿ ನೋಡ್ರಿ," ಎಂದಳು. ಐದು ತಿಂಗಳ ಕೂಸು ಇಷ್ಟು ಧೈರ್ಯದಿಂದ ಕ್ಯಾಮೆರಾ ನೋಡಿದ್ದನ್ನು ನಾನು ಕಂಡಿಲ್ಲ. ಮದುವೆಯಾಗಿ ಎಂಟು ವರ್ಷವಾದರೂ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ನಿನ್ನ ಮಗನೇ ಈಗ ನಮ್ಮ ಗೋಡೆಯ ಮೇಲೆ ಕೂತು ನಮ್ಮಿಬ್ಬರನ್ನೂ ಆಳುತ್ತಿದ್ದಾನೆ.

ನೀನು ವ್ಯಾಪಾರದ ಸುದ್ದಿ ಕೇಳಿದ್ದೆ. ಅಪ್ಪ ಬೈಲಹೊಂಗಲದ ಮನೆಯ ಕಟ್ಟೆಯ ಮೇಲೆ ಕೂತು ಕೊಡುತ್ತಿದ್ದ ಓಮಿನ ಅರ್ಕವನ್ನೇ 'ಕಾಂತಪ್ಪ ವೈದ್ಯರ ಶಿಶುಸುಖ ಅರ್ಕ' ಎಂದು ಬಾಟಲಿಯಲ್ಲಿ ತುಂಬಿ ಮಾರಲು ಕೂತು ಹದಿನಾಲ್ಕು ತಿಂಗಳಾಯಿತು. ಮಾಲಿನಲ್ಲಿ ಕೊರತೆಯಿಲ್ಲ. ಆದರೆ ಊರಿನಲ್ಲಿ ಜನ ಅಪ್ಪನನ್ನು ಬಲ್ಲವರಾಗಿದ್ದರು, ಅದಕ್ಕೆ ಅರ್ಕ ಒಯ್ಯುತ್ತಿದ್ದರು. ಇಲ್ಲಿ ಯಾರು ಮಾಡಿದರು ಎಂದು ಒಬ್ಬರೂ ಕೇಳುವುದಿಲ್ಲ. 'ಇದನ್ನು ಎಲ್ಲೋ ನೋಡಿದ್ದೇನೆ' ಎನಿಸಿದರೆ ಮಾತ್ರ ಕೈಗೆ ತೆಗೆದುಕೊಳ್ಳುತ್ತಾರೆ. ಬಾಟಲಿಗೆ ಗುಲಾಬಿ ಕಾಗದ ಸುತ್ತಿದರೆ ಔಷಧಿ ಎನ್ನುತ್ತಾರೆ, ಸುತ್ತದಿದ್ದರೆ ತಲೆಗೆ ಹಚ್ಚುವ ಎಣ್ಣೆಯೇ ಎಂದು ಕೇಳುತ್ತಾರೆ. ಇದನ್ನೆಲ್ಲ ನಾನು ನಿಧಾನವಾಗಿ ಕಲಿತೆ.

ಇಲ್ಲಿ ಮೋನಪ್ಪ ಎಂಬ ಪೇಂಟರ್ ಇದ್ದಾನೆ, ಮಂಗಳೂರು ಕಡೆಯವನು. ಹೋಟೆಲುಗಳ ಬೋರ್ಡು ಬರೆಯುತ್ತಾನೆ. ಅವನು ಕಾಂತುವಿನ ಫೋಟೋ ನೋಡಿ, "ಈ ಮುಖ ಹಾಕುವ ಮಾರಾಯ್ರೆ. ಗುಜರಾತಿಯವರು ಕನ್ನಡ ಓದ್ಲಿಕ್ಕಿಲ್ಲ, ಮರಾಠಿಯವರು ಗುಜರಾತಿ ಓದ್ಲಿಕ್ಕಿಲ್ಲ. ಮಗುವಿನ ಮುಖ ಓದದ ತಾಯಿ ಉಂಟಾ?" ಎಂದ. ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಲೇಬಲ್ಲಿನ ಮೇಲೂ ಬೋರ್ಡಿನ ಮೇಲೂ ಕಾಂತುವಿನ ಮುಖ ಹಾಕಲೇ? ಸಿದ್ದರಾಮಪ್ಪನವರನ್ನು ಕೇಳಿ ಬರೆ. ಮಗುವಿನ ತಂದೆ ಅವರು, ಅವರ ಒಪ್ಪಿಗೆ ಇಲ್ಲದೆ ಹಾಕುವುದಿಲ್ಲ.

ಮುರಿಗೆಪ್ಪ


ಬೈಲಹೊಂಗಲ
27 ಫೆಬ್ರುವರಿ 1953

ಅಣ್ಣನಿಗೆ ಅಂಬವ್ವ ಮಾಡುವ ಶರಣು.

ಇವರು ಒಪ್ಪಿದ್ದಾರೆ. "ಮಾಸ್ತರನ ಮಗಾ ಶಾಲಿಗೆ ಹೋಗೂದಕ್ಕಿಂತ ಮೊದಲ ಮುಂಬಯಿ ನೌಕರಿ ಹಿಡದ," ಎಂದು ನಕ್ಕರು. ಅತ್ತೆಯವರು ಮಾತ್ರ ಊಟ ಬಿಟ್ಟು ಎದ್ದರು. ಅಷ್ಟು ಮಂದಿಯ ಕಣ್ಣು ಒಂದು ಕೂಸಿನ ಮೇಲೆ ಬೀಳಬಾರದಂತೆ. ಮುಖದ ಮೇಲೆ ಕಾಡಿಗೆಯ ಬೊಟ್ಟು ಬರೆಯಿಸುತ್ತೇನೆಂದು ಮಾತು ಕೊಟ್ಟು ಸಮಾಧಾನ ಮಾಡಿದೆ. ಮೋನಪ್ಪನವರಿಗೆ ಹೇಳು, ಎಡಗೆನ್ನೆಯ ಮೇಲೆ, ಚಿಕ್ಕದು.

ಅಪ್ಪನ ಹೆಸರು ಬಾಟಲಿಯ ಮೇಲೆ ಓದಿದಾಗ ಕಟ್ಟೆಯ ಮೇಲೆ ಕೂತ ಅಪ್ಪನೇ ಕಣ್ಣಿಗೆ ಬಂದ. ಯಾರೇ ಕೂಸು ತಂದರೂ ಮೊದಲು ಅಂಗೈ ಉಜ್ಜಿಕೊಂಡು ಅದರ ಹೊಟ್ಟೆಯ ಮೇಲೆ ಇಡುತ್ತಿದ್ದ. ಮೈ ಬೆಚ್ಚಗಿದ್ದರೆ ಅರ್ಕ ಕೊಡುತ್ತಿರಲಿಲ್ಲ. "ಇದು ಹೊಟ್ಟಿ ಉಬ್ಬರಕ್ಕ ಅಷ್ಟ ಐತೆವ್ವಾ. ಜ್ವರಾ ಇದ್ರ ಡಾಕ್ಟರ ಕಡೆ ಒಯ್ಯಿ," ಎಂದು ಕಳಿಸಿಬಿಡುತ್ತಿದ್ದ. ದೂರದಿಂದ ಬಂದವರು ಬೇಸರಪಟ್ಟು ಹೋಗುತ್ತಿದ್ದದ್ದು ನಿನಗೂ ನೆನಪಿರಬೇಕು.

ಮುಂದಿನ ವಾರ ಇವರು ಶಿಕ್ಷಕರ ತರಬೇತಿಗೆಂದು ಧಾರವಾಡಕ್ಕೆ ಹೋಗುತ್ತಾರೆ. ವರ್ಷವಿಡೀ ಅಲ್ಲಿಯೇ. ಮನೆಯಲ್ಲಿ ನಾನು, ಅತ್ತೆಯವರು, ಮತ್ತು ನಿನ್ನ ಬೋರ್ಡಿನ ಮಾಲೀಕ.

ಅಂಬವ್ವ


ಮಲಾಡ್
20 ಏಪ್ರಿಲ್ 1953

ಅಂಬವ್ವಾ,

ಬೋರ್ಡು ನಿಂತಿತು! ಮಲಾಡ್ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಬೇಲಿಯಾಚೆ ಒಂದು ಗೋದಾಮಿನ ಗೋಡೆ ಇದೆ. ಎಂಟು ದಿನ ಬೆಳಿಗ್ಗೆ ಅಲ್ಲಿ ನಿಂತು ನೋಡಿದೆ. ರೈಲಿನ ಬಾಗಿಲಿಗೆ ಜೋತುಬಿದ್ದ ಗಂಡಸರು ಏನನ್ನೂ ನೋಡುವುದಿಲ್ಲ, ಅವರಿಗೆ ಕಾಲಿಡುವ ಜಾಗದ್ದೇ ಚಿಂತೆ. ಆದರೆ ಹೆಂಗಸರ ಡಬ್ಬಿ ಬಂದು ನಿಲ್ಲುವ ಕಡೆ, ಕಿಟಕಿಗೆ ಕೂತವರು ಅರ್ಧ ನಿಮಿಷ ಎದುರಿನ ಗೋಡೆಯನ್ನೇ ನೋಡುತ್ತಾರೆ. ನಾನು ಹಿಡಿದದ್ದು ಆ ಅರ್ಧ ನಿಮಿಷವನ್ನು. ಹೆಂಗಸರ ಡಬ್ಬಿಗೆ ಸರಿ ಎದುರಾಗಿ ಕಾಂತು, ಆಳೆತ್ತರದ ಮುಖ, ಎಡಗೆನ್ನೆಗೆ ಕಾಡಿಗೆ ಬೊಟ್ಟು. ಆ ಬೊಟ್ಟು ನೋಡಿಯೇ ತಾಯಂದಿರು ನಗುತ್ತಾರೆ. ಅತ್ತೆಯವರಿಗೆ ನನ್ನ ಶರಣು ತಿಳಿಸು.

ಒಂದೇ ತೊಂದರೆ. ಬೊರಿವಲಿಯ ಅಂಗಡಿಯವರು ಬೇರೆ ಬಾಟಲಿ ತೋರಿಸಿ, 'ಇದರ ಮೇಲೆ ಏಳು ರೋಗದ ಹೆಸರಿದೆ, ನಿಮ್ಮದರ ಮೇಲೆ ಹೊಟ್ಟೆನೋವು ಒಂದೇ' ಎನ್ನುತ್ತಾರೆ. ಮೋನಪ್ಪನೂ ಬಣ್ಣದ ಡಬ್ಬಿ ಮುಚ್ಚುವ ಮೊದಲು, "ಕೆಳಗೆ ಜಾಗ ಖಾಲಿ ಉಂಟು. ಇನ್ನೊಂದು ಸಾಲು ಹಾಕುವ," ಎಂದ. ಹಾಕಿಸಿದೆ: 'ಹಲ್ಲು ಬರುವಾಗಿನ ಜ್ವರಕ್ಕೆ ರಾಮಬಾಣ'. ಅಂಬವ್ವಾ, ಜನ ಮೊದಲಿನ ಸಾಲು ಓದುವುದೇ ಇಲ್ಲ. ಕೊನೆಯ ಸಾಲನ್ನು ಓದಿ ಹೋಗುತ್ತಾರೆ. ಆ ಸಾಲು ಬಿದ್ದ ವಾರವೇ ಅಂಗಡಿಗಳಿಂದ ಕೇಳಿಕೆ ಬಂತು. ಲೇಬಲ್ಲಿಗೂ ಸೇರಿಸಿದ್ದೇನೆ.

ಹೊಸ ಲೇಬಲ್ಲಿನ ಹನ್ನೆರಡು ಬಾಟಲಿ ಪಾರ್ಸೆಲ್ ಮಾಡಿದ್ದೇನೆ. ಕಾಂತು ತನ್ನ ಮುಖ ತಾನೇ ನೋಡಲಿ.

ಮುರಿಗೆಪ್ಪ


ಬೈಲಹೊಂಗಲ
8 ಮೇ 1953

ಅಣ್ಣಾ,

ಪಾರ್ಸೆಲ್ ಬಂತು. ಒಂದು ಬಾಟಲಿಯೂ ಒಡೆದಿಲ್ಲ. ಕಾಂತು ಲೇಬಲ್ಲು ನೋಡಿ ಗುರುತು ಹಿಡಿಯಲಿಲ್ಲ, ನೆಕ್ಕಿದ. ಎಂಟು ತಿಂಗಳಾಯಿತು. ಈಗ ಕೂರುತ್ತಾನೆ, ತುಸು ಹೊತ್ತಿಗೆ ಪಕ್ಕಕ್ಕೆ ವಾಲುತ್ತಾನೆ, ವಾಲಿದ್ದಕ್ಕೆ ತಾನೇ ನಗುತ್ತಾನೆ. ಕೆಳಗಿನ ವಸಡು ಉಬ್ಬಿದೆ. ದಿನವಿಡೀ ಜೊಲ್ಲು.

ಒಂದು ಮಾತು. ಲೇಬಲ್ಲಿನ ಮೇಲೆ ಜ್ವರದ ಸಾಲು ಓದಿದೆ. ಅಪ್ಪ ಜ್ವರಕ್ಕೆ ಇದನ್ನು ಎಂದೂ ಕೊಡಲಿಲ್ಲವಲ್ಲ. ಅಲ್ಲಿ ಯಾರಾದರೂ ಡಾಕ್ಟರರು ಹೇಳಿದರೇ? ನೀನು ಅದರಲ್ಲಿ ಹೊಸದಾಗಿ ಏನನ್ನಾದರೂ ಸೇರಿಸಿದ್ದೀಯಾ? ನನಗೆ ಗೊತ್ತಿಲ್ಲ ಎಂದು ಕೇಳುತ್ತಿದ್ದೇನೆ, ಬೇರೆ ತಿಳಿಯಬೇಡ.

ಅಂಬವ್ವ


ಮಲಾಡ್
16 ಮೇ 1953

ಅಂಬವ್ವಾ,

ಅಪ್ಪನ ಕಾಲ ಬೇರೆ. ಮುಂಬಯಿಯಲ್ಲಿ ತಿಳಿದವರನ್ನು ಕೇಳಿಯೇ ಆ ಸಾಲು ಹಾಕಿದ್ದೇನೆ. ನೀನು ಚಿಂತೆ ಮಾಡಬೇಡ. ಕಾಂತುವಿಗೆ ಹಲ್ಲು ಬರುವಾಗ ಮೈ ಬೆಚ್ಚಗಾದರೆ ದಿನಕ್ಕೆ ಮೂರು ಸಲ ಒಂದೊಂದು ಚಮಚ ಕೊಡು. ತಾನಾಗಿ ಇಳಿಯುತ್ತದೆ.

ಇವತ್ತು ಅವಸರದಲ್ಲಿದ್ದೇನೆ. ಬೊರಿವಲಿಗೆ ಹೋಗಬೇಕು.

ಮುರಿಗೆಪ್ಪ


ಮಲಾಡ್
4 ಜುಲೈ 1953

ಅಂಬವ್ವಾ,

ಏಳು ವಾರವಾಯಿತು, ನಿನ್ನ ಕಾಗದವಿಲ್ಲ. ಮಳೆಗೆ ಅಂಚೆ ತಡವಾಗಿರಬೇಕು ಎಂದು ಮಲ್ಲವ್ವನಿಗೆ ಹೇಳುತ್ತಿದ್ದೇನೆ, ಅವಳು ನಂಬುತ್ತಿಲ್ಲ. ಇಲ್ಲಿ ನಮ್ಮ ಚಾಳಿನ ಅಂಗಳದಲ್ಲಿ ಮೊಣಕಾಲುದ್ದ ನೀರು. ಬಾಟಲಿಗಳನ್ನು ಮಂಚದ ಮೇಲಿಟ್ಟು ನಾವು ನೆಲದ ಮೇಲೆ ಹಲಗೆ ಹಾಕಿಕೊಂಡಿದ್ದೇವೆ.

ಬೋರ್ಡಿನ ಬಗ್ಗೆ ಇನ್ನೊಂದು ಕಲಿತೆ. ಹದಿನೈದು ದಿನ ಎಲ್ಲರೂ ನೋಡುತ್ತಾರೆ. ಆಮೇಲೆ ಅದು ಗೋಡೆಯೇ ಆಗಿಬಿಡುತ್ತದೆ. ಕಣ್ಣಿಗೆ ಮತ್ತೆ ಹೊಸದೇನಾದರೂ ಬೇಕು. ಆದ್ದರಿಂದ ಕಾಂತುವಿನ ಹೊಸ ಸುದ್ದಿ ಬರೆ. ಹಲ್ಲು ಬಂದವೇ? ತೆವಳುತ್ತಾನೆಯೇ? ನಮ್ಮ ಗಿರಾಕಿಗಳೂ ಕೇಳುತ್ತಾರೆ, ಸುಳ್ಳಲ್ಲ. ಅಂಗಡಿಗೆ ಬಂದ ಒಬ್ಬ ಮರಾಠಿ ಅಜ್ಜಿ, "ಬಾಳ ಕಸಾ ಆಹೇ?" ಎಂದು ನಿನ್ನ ಮಗನ ಕ್ಷೇಮ ವಿಚಾರಿಸಿ ಹೋದಳು.

ಮುರಿಗೆಪ್ಪ


ಬೈಲಹೊಂಗಲ
15 ಜುಲೈ 1953

ಅಣ್ಣನಿಗೆ ಶರಣು.

ಇಲ್ಲಿಯೂ ಮಳೆ. ಇವರು ಧಾರವಾಡದಿಂದ ಬಂದು ಹತ್ತು ದಿನ ಇದ್ದು ಹೋದರು. ಅತ್ತೆಯವರ ಆರೋಗ್ಯ ಅಷ್ಟಕ್ಕಷ್ಟೆ.

ಕಾಂತುವಿಗೆ ಎರಡು ಹಲ್ಲು ಬಂದವು. ಕೆಳಗಿನವು.

ಇನ್ನು ಪಾರ್ಸೆಲ್ ಕಳಿಸಬೇಡ. ಇರುವ ಬಾಟಲಿಗಳೇ ಇವೆ.

ಅಂಬವ್ವ


ಮಲಾಡ್
2 ಆಗಸ್ಟ್ 1953

ಅಂಬವ್ವಾ,

ಎಷ್ಟು ಚಿಕ್ಕ ಕಾಗದ! ಆದರೂ ಅದರಲ್ಲಿದ್ದ ಎರಡು ಹಲ್ಲು ನಮಗೆ ಸಾಕಾಯಿತು. ಅತ್ತೆಯವರ ಕಾಯಿಲೆಯಲ್ಲಿ ನಿನಗೆ ಪುರುಸೊತ್ತಿಲ್ಲವೆಂದು ತಿಳಿದೆ. ಮಲ್ಲವ್ವ ಚಾಳಿನ ನಾಲ್ಕು ಮನೆಗೆ ಸಕ್ಕರೆ ಹಂಚಿದಳು. ಅವಳು ಕಾಂತುವಿನ ತಲೆಗೆಂದು ಹೆಣೆಯುತ್ತಿರುವ ಕುಲಾಯಿ ಮುಗಿಯುತ್ತ ಬಂದಿದೆ.

ನಾನು ಸುಮ್ಮನೆ ಕೂರಲಿಲ್ಲ. ಸಾವಿರ ಕರಪತ್ರ ಅಚ್ಚು ಹಾಕಿಸಿದೆ. ಮರಾಠಿ, ಗುಜರಾತಿ, ಕನ್ನಡ ಮೂರರಲ್ಲೂ: 'ನಮ್ಮ ಕಾಂತುವಿಗೆ ಎರಡು ಹಲ್ಲು ಬಂದವು. ಅತ್ತಿಲ್ಲ, ನರಳಿಲ್ಲ. ನಿಮ್ಮ ಕಂದನಿಗೆ?' ಮೋನಪ್ಪ ಬೋರ್ಡಿನ ಮುಖಕ್ಕೂ ಎರಡು ಬಿಳಿ ಚುಕ್ಕೆ ಇಟ್ಟ. ರೈಲಿನ ಕಿಟಕಿಯಿಂದ ಹೆಂಗಸರು ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸಿದ್ದನ್ನು ನಾನೇ ಕಂಡೆ. ಬೋರ್ಡಿನಲ್ಲಿರುವ ಮಗು ಬೆಳೆಯುತ್ತದೆ ಎಂದರೆ ಅವರಿಗೆ ಅದು ಜಾಹೀರಾತು ಎನಿಸುವುದಿಲ್ಲ, ಪಕ್ಕದ ಮನೆಯ ಸುದ್ದಿ ಎನಿಸುತ್ತದೆ.

ಒಂದು ಹೊಸ ಫೋಟೋ ತೆಗೆಯಿಸಿ ಕಳಿಸು.

ಮುರಿಗೆಪ್ಪ


ಬೈಲಹೊಂಗಲ
6 ಸೆಪ್ಟೆಂಬರ್ 1953

ಅಣ್ಣಾ,

ಫೋಟೋದವನು ಈಗ ಊರಿಗೆ ಬರುತ್ತಿಲ್ಲ. ಬೆಳಗಾವಿಗೆ ಹೋಗುವುದು ನನ್ನಿಂದ ಆಗದು.

ಕಾಂತು ಗೋಡೆ ಹಿಡಿದು ನಡೆಯುತ್ತಾನೆ. ಅಡಿಗೆಮನೆಯಿಂದ ಪಡಸಾಲೆಯವರೆಗೆ ಬರುತ್ತಾನೆ. ಹೊಸ್ತಿಲು ಬಂದಾಗ ನಿಂತು ನನ್ನನ್ನು ನೋಡುತ್ತಾನೆ. ನಾನು ಕೈ ಕೊಡುವುದಿಲ್ಲ. ತಾನೇ ಕಾಲೆತ್ತಿ ದಾಟುತ್ತಾನೆ. ಮೊನ್ನೆ ಲೇಬಲ್ಲು ತೋರಿಸಿ 'ಯಾರಿದು' ಎಂದೆ. 'ಮಾಮಾ' ಎಂದ. ನೀನು ಕಳಿಸಿದ್ದು ಎಂದು ಗೊತ್ತಾಯಿತೋ ಏನೋ.

ಕುಲಾಯಿ ಕಳಿಸುವುದು ಬೇಡವೆಂದು ವೈನಿಗೆ ಹೇಳು. ಇನ್ನೂ ಸೆಕೆ ಇದೆ.

ಅಂಬವ್ವ


ಮಲಾಡ್
11 ಅಕ್ಟೋಬರ್ 1953

ಅಂಬವ್ವಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆವೋ ಲೆಕ್ಕವಿಲ್ಲ. ಹೊಸ್ತಿಲು ದಾಟಿದ್ದನ್ನು ಮಲ್ಲವ್ವ ನನ್ನ ಕೈಯಿಂದ ಮತ್ತೆ ಮತ್ತೆ ಓದಿಸಿದಳು.

ಈಗ ಟಾಕೀಜಿನಲ್ಲಿ ನಮ್ಮ ಸ್ಲೈಡು ಬೀಳುತ್ತಿದೆ. ಮಧ್ಯಂತರದಲ್ಲಿ ದೀಪ ಹತ್ತುವ ಮೊದಲು, ಪರದೆಯ ತುಂಬ ಕಾಂತು. ಕೆಳಗೆ 'ವರ್ಷ ತುಂಬುವ ಮೊದಲೇ ನಡೆದ!' ಎಂದು. ಮೊದಲ ದಿನ ನಾನೂ ಮಲ್ಲವ್ವನೂ ಹೋಗಿ ಕೂತಿದ್ದೆವು. ಪಿಕ್ಚರ್ ಯಾವುದೆಂದು ನೆನಪಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಇವತ್ತು ಬೆಳಿಗ್ಗೆ ಸೇವಂತಿ ಎಂಬ ಹೆಣ್ಣುಮಗಳು ಬಾಟಲಿಯ ಮೇಲಿನ ವಿಳಾಸ ಹಿಡಿದು ಆಂಟಾಪ್ ಹಿಲ್ಲಿನಿಂದ ಇಲ್ಲಿಯವರೆಗೆ ಬಂದಳು. ಉಡುಪಿ ಕಡೆಯವಳು, ಗಂಡ ಹೋಟೆಲಿನಲ್ಲಿ ಅಡಿಗೆಗೆ ಇದ್ದಾನೆ. "ಮಗಳಿಗೆ ಮೂರು ದಿನದಿಂದ ಜ್ವರ. ನಿಮ್ಮ ಅರ್ಕ ಕೊಡ್ತಾ ಇದ್ದೇನೆ. ಅಲ್ಲಿಯ ಅಂಗಡಿಯಲ್ಲಿ ಮುಗಿದಿದೆ. ಮಾಡಿದವರ ಕೈಯಿಂದಲೇ ತಕೊಂಡು ಹೋಗುವ ಅಂತ ಬಂದೆ," ಎಂದಳು. ಹತ್ತು ತಿಂಗಳ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಎರಡು ತಾಸಿನ ದಾರಿ ಬಂದಿದ್ದಳು! ಎರಡು ಬಾಟಲಿ ಕೊಟ್ಟೆ, ಹಣ ಬೇಡವೆಂದೆ. ಬೋರ್ಡಿಗೆ ಇಂಥ ನಂಬಿಕೆ ಹುಟ್ಟಿಸುವ ಶಕ್ತಿ ಇದೆಯೆಂದು ನಾನೂ ತಿಳಿದಿರಲಿಲ್ಲ.

ದೀಪಾವಳಿ ಆದ ಮೇಲೆ ನಾವಿಬ್ಬರೂ ಊರಿಗೆ ಬರುತ್ತೇವೆ. ಕಾಂತುವನ್ನು ಎತ್ತಿಕೊಂಡು ಬೆಳಗಾವಿಗೆ ಹೋಗಿ ನಾನೇ ಫೋಟೋ ತೆಗೆಯಿಸುತ್ತೇನೆ.

ಮುರಿಗೆಪ್ಪ


ಬೈಲಹೊಂಗಲ
15 ಅಕ್ಟೋಬರ್ 1953

ಅಣ್ಣಾ,

ನಿನ್ನೆ ನಿನ್ನ ಕಾಗದ ಬಂದ ಗಳಿಗೆಗೇ ಪೋಸ್ಟಾಫೀಸಿಗೆ ಹೋಗಿ ತಾರು ಕೊಟ್ಟೆ. ಆ ಮಗುವನ್ನು ಕೂಡಲೆ ದವಾಖಾನೆಗೆ ಒಯ್ಯಬೇಕು, ಅರ್ಕ ನಿಲ್ಲಿಸಬೇಕು ಎಂದು. ತಾರು ಮುಟ್ಟಿದ್ದರೆ ಈ ಹೊತ್ತಿಗೆ ನೀನು ಹೋಗಿರಬೇಕು. ಹೋಗಿಲ್ಲವಾದರೆ ಈ ಕಾಗದ ಇಲ್ಲಿಗೇ ಬಿಟ್ಟು ಹೋಗು. ಉಳಿದದ್ದನ್ನು ಬಂದು ಓದು.

ಕಾಂತು ಇಲ್ಲ. ಜೂನ್ 19ರಂದು ಹೋದ.

ಜೂನ್ 15ಕ್ಕೆ ಮೈ ಬೆಚ್ಚಗಾಯಿತು. ಜೊಲ್ಲು ಸುರಿಯುತ್ತಿತ್ತು, ಹಾಲು ಒಲ್ಲೆ ಎನ್ನುತ್ತಿದ್ದ. ಹಲ್ಲಿನ ಜ್ವರ ಎಂದುಕೊಂಡೆ. ನೀನು ಬರೆದಂತೆ ಮೂರು ಸಲ ಒಂದೊಂದು ಚಮಚ ಕೊಟ್ಟೆ. ಅತ್ತೆಯವರು ಎರಡನೆಯ ದಿನವೇ, "ಬೆಳಗಾವಿಗಿ ಒಯ್ಯೂಣು ನಡಿಯವ್ವಾ," ಎಂದರು. "ನಮ್ಮಣ್ಣ ತಿಳದವರನ್ನ ಕೇಳ್ಯಾನ್ರಿ," ಎಂದೆ ನಾನು. ಮೂರು ದಿನ ಹಾಗೆ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಕುತ್ತಿಗೆ ಬಾತಿತ್ತು, ಉಸಿರಿಗೆ ಸೀಟಿಯಂಥ ದನಿ ಬರುತ್ತಿತ್ತು. ಬಸ್ಸಿನಲ್ಲಿ ಬೆಳಗಾವಿಗೆ ಒಯ್ದೆವು. ಡಾಕ್ಟರರು ಬ್ಯಾಟರಿ ಹಿಡಿದು ಗಂಟಲು ನೋಡಿದರು. ಗಂಟಲಮಾರಿ ಎಂದರು.

"ಎಷ್ಟ ದಿನ ಆತು?"

"ಮೂರ ದಿನ ಆತ್ರಿ."

"ಮೊದಲನೇ ದಿನಾನ ಯಾಕ ತರಲಿಲ್ಲಾ?"

ಬಾಟಲಿ ನನ್ನ ಚೀಲದಲ್ಲಿತ್ತು. ತೋರಿಸಲಿಲ್ಲ. ಅದರ ಮೇಲೆ ಅಪ್ಪನ ಹೆಸರಿತ್ತು. "ಹಲ್ಲಿನ ಜ್ವರಾ ಅನಕೊಂಡೆ ರೀ," ಎಂದೆ. ಅವರು ಬೈಯಲಿಲ್ಲ. ಸೂಜಿ ಹಾಕಿದರು. ಮರುದಿನ ಮಧ್ಯಾಹ್ನದವರೆಗೆ ನನ್ನ ತೊಡೆಯ ಮೇಲೆಯೇ ಇದ್ದ.

ಧಾರವಾಡದಿಂದ ಬಂದ ಇವರು ನಿನಗೆ ಬರೆಯುತ್ತೇನೆ ಎಂದು ಪೆನ್ನು ಹಿಡಿದಿದ್ದರು. ಅವರು ಬರೆಯುವುದನ್ನು ನೀನು ತಾಳಲಾರೆ ಎಂದು ನಾನೇ ಬರೆಯುತ್ತೇನೆಂದೆ. ಬರೆಯಲು ಕೂತೆ. ನಿನ್ನ ಕಾಗದ ಎದುರಿಗಿತ್ತು, 'ಹಲ್ಲು ಬಂದವೇ' ಎಂದು ಕೇಳಿದ್ದೆ. ಬಂದವು ಎಂದು ಬರೆದುಬಿಟ್ಟೆ. ಏಕೆ ಎಂದು ಕೇಳಬೇಡ. ಈ ಊರಿನಲ್ಲಿ ಎಲ್ಲರಿಗೂ ಗೊತ್ತು, ಅವನ ಬಗ್ಗೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನೀನೊಬ್ಬನೇ ಕೇಳುತ್ತಿದ್ದೆ. ನೀನು ಕೇಳಿದಾಗಲೆಲ್ಲ ಅವನು ಇನ್ನಷ್ಟು ದೊಡ್ಡವನಾದ.

ನಿನಗೊಬ್ಬನಿಗೇ ತಪ್ಪು ಹೊರಿಸುತ್ತಿಲ್ಲ. ಅಪ್ಪ ಹೇಳಿದ್ದು ನನಗೆ ಗೊತ್ತಿತ್ತು. ಕಟ್ಟೆಯ ಕೆಳಗೆ ನಿಂತು ಕಿವಿಯಾರೆ ಕೇಳಿದವಳು ನಾನು. ಆದರೂ ಅಪ್ಪನಿಗಿಂತ ಅಚ್ಚಾದ ಅಕ್ಷರವನ್ನು ಹೆಚ್ಚು ನಂಬಿದೆ. ಆ ಸೇವಂತಿಗೆ ಹೇಳುವ ಅಪ್ಪನೂ ಇಲ್ಲ. ಅದಕ್ಕೆ ಬರೆದೆ. ಅವಳಿಲ್ಲದಿದ್ದರೆ ಇನ್ನೂ ಎಷ್ಟು ದಿನ ನಡೆಸುತ್ತಿದ್ದೆನೋ.

ಅಂಬವ್ವ


ಮಲಾಡ್
16 ಅಕ್ಟೋಬರ್ 1953

ಅಂಬವ್ವಾ,

ನಿನ್ನ ತಾರು ನಿನ್ನೆ ಬೆಳಿಗ್ಗೆ ಬಂತು. 'ಪತ್ರ ಹಿಂದೆ ಬರುತ್ತದೆ' ಎಂದಿದೆ, ಪತ್ರ ಇನ್ನೂ ಬಂದಿಲ್ಲ. ಅಷ್ಟು ದೂರದಿಂದ ಯಾರದೋ ಮಗುವಿಗಾಗಿ ತಾರು ಕೊಟ್ಟೆಯಲ್ಲ, ನೀನು ಅಪ್ಪನ ಮಗಳೇ ಸರಿ! ಕೆಲಸ ಬಿಟ್ಟು ಓಡಿದೆ. ವಿಳಾಸ ಗೊತ್ತಿರಲಿಲ್ಲ. ದಾದರಿನಲ್ಲಿ ಇಳಿದು ಬಸ್ಸು ಹಿಡಿದು ಆಂಟಾಪ್ ಹಿಲ್ಲಿಗೆ ಹೋಗಿ, ಕನ್ನಡದವರ, ತುಳುವರ ಮನೆಗಳನ್ನೆಲ್ಲ ತಟ್ಟಿದೆ. ಒಂದು ವಿಚಿತ್ರ ನೋಡು. ಎರಡು ವರ್ಷದಿಂದ ವ್ಯಾಪಾರ ಮಾಡುತ್ತಿದ್ದೇನೆ, ನನ್ನ ಬಾಟಲಿ ಇರುವ ಮನೆಯೊಳಗೆ ಕಾಲಿಟ್ಟದ್ದು ನಿನ್ನೆಯೇ ಮೊದಲು. ಒಂದು ಮನೆಯಲ್ಲಿ ದೇವರ ಫೋಟೋದ ಪಕ್ಕದಲ್ಲಿ ಇಟ್ಟಿದ್ದರು.

ಕೊನೆಗೆ ಸೇವಂತಿ ಸಿಕ್ಕಳು. ಮಗು ಎಲ್ಲಿ ಎಂದೆ. ಚಾಪೆಯ ಮೇಲೆ ಕೂತು ಗಂಜಿ ತಿನ್ನುತ್ತಿತ್ತು! ಜ್ವರ ಮೊನ್ನೆಯೇ ಬಿಟ್ಟಿತಂತೆ. ಸೇವಂತಿ ಕಾಲಿಗೆ ಬಿದ್ದು, "ನಿಮ್ಮ ಅರ್ಕದಿಂದ ಉಳಿಯಿತು ಅಣ್ಣ. ಬೇಕಾದರೆ ನನ್ನ ಮಗಳ ಫೋಟೋವನ್ನೂ ಬೋರ್ಡಿಗೆ ಹಾಕಿ," ಎಂದಳು. ನೀನು ಸುಮ್ಮನೆ ಗಾಬರಿಯಾದೆ. ಆದರೆ ನಿನ್ನಿಂದ ನನಗೊಂದು ಒಳ್ಳೆಯ ಸಾಕ್ಷಿ ಸಿಕ್ಕಿತು. ಕಾಂತುವಿನ ಪಕ್ಕಕ್ಕೆ ಈ ಹುಡುಗಿಯ ಮುಖವನ್ನೂ ಬರೆಯಿಸುವ ವಿಚಾರವಿದೆ.

ಕುಲಾಯಿ ಮುಗಿಯಿತು. ಬರುವಾಗ ತರುತ್ತೇವೆ.

ಮುರಿಗೆಪ್ಪ


ಮಲಾಡ್
27 ಅಕ್ಟೋಬರ್ 1953

ಅಂಬವ್ವಾ,

ನಾನು ಹದಿನಾರಕ್ಕೆ ಬರೆದ ಕಾಗದ ನಿನಗೆ ಮುಟ್ಟಿರುತ್ತದೆ. ನಿನ್ನದು ನನಗೆ ಮರುದಿನ ಮುಟ್ಟಿತು. ನನ್ನದನ್ನು ಹಿಂದಕ್ಕೆ ಪಡೆಯುವಂತಿದ್ದರೆ ರೈಲಿನ ಹಿಂದೆ ಓಡುತ್ತಿದ್ದೆ. ಹತ್ತು ದಿನ ಏನೂ ಬರೆಯಲಾಗಲಿಲ್ಲ.

ಮೊದಲು ಇದನ್ನು ಬರೆಯುತ್ತೇನೆ. ಮೇ ತಿಂಗಳಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ತಿಳಿದವರನ್ನು ಕೇಳಿದ್ದೇನೆ ಎಂದದ್ದು ಸುಳ್ಳು. ಆ ಸಾಲಿನ ಬಗ್ಗೆ ನಾನು ಮಾತಾಡಿದ್ದು ಮೋನಪ್ಪನೊಬ್ಬನೊಡನೆ, ಅದೂ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು. ನೀನು ಅಪ್ಪನ ಮಾತು ನೆನಪಿಸಿದಾಗ ನನಗೆ ಸಿಟ್ಟು ಬಂದಿತ್ತು. ಬೊರಿವಲಿಗೆ ಹೋಗುವ ಅವಸರವೂ ಇರಲಿಲ್ಲ. ಹೆಚ್ಚು ಬರೆದರೆ ಸಿಕ್ಕಿಬೀಳುತ್ತೇನೆಂದು ಹಾಗೆ ಬರೆದೆ.

ನಿನ್ನ ಕಾಗದವನ್ನು ಮಲ್ಲವ್ವನಿಗೆ ಓದಿ ಹೇಳಿದೆ. ಮೂರು ದಿನ ಅವಳು ಬಾಟಲಿಗಳ ಹತ್ತಿರ ಹೋಗಲಿಲ್ಲ. ನಾಲ್ಕನೆಯ ದಿನ, "ಆ ಬಾಟ್ಲಿ ನಾನೂ ತುಂಬೇನ್ರಿ," ಎಂದಳು. ಅಷ್ಟೇ. ಆಮೇಲೆ ನನ್ನ ಜೊತೆ ಹೊರಟಳು. ಮಲಾಡಿನಿಂದ ಬೊರಿವಲಿಯವರೆಗೆ ಅಂಗಡಿ ಅಂಗಡಿಗೆ ಹೋಗಿ ಮಾಲು ವಾಪಸು ಕೇಳಿದೆವು. ಒಬ್ಬ, "ಸೇಠ್, ಚಲನೇವಾಲಾ ಮಾಲ್ ಕೋಯಿ ವಾಪಸ್ ಲೇತಾ ಹೈ ಕ್ಯಾ?" ಎಂದು, ಖರ್ಚಾಗುವ ಮಾಲನ್ನು ಯಾರಾದರೂ ಹಿಂದಕ್ಕೆ ಒಯ್ಯುತ್ತಾರೆಯೇ ಎಂದು ನಕ್ಕು, ಉಳಿದಿದ್ದ ಆರು ಬಾಟಲಿಗಳನ್ನು ನಮ್ಮೆದುರಿಗೇ ಬೇರೆ ಗಿರಾಕಿಗೆ ಮಾರಿದ. ಅವು ಯಾವ ಮನೆಗೆ ಹೋದವು ಎಂದು ನನಗೆ ಗೊತ್ತಿಲ್ಲ. ಮಲಗಿದರೂ ಎದ್ದರೂ ಆ ಆರರದೇ ಚಿಂತೆ.

ಸೇವಂತಿಯ ಮನೆಗೆ ಮತ್ತೆ ಹೋದೆ. "ನನ್ನ ಅರ್ಕದಿಂದ ಜ್ವರ ಇಳಿದದ್ದಲ್ಲ ತಾಯಿ. ಅದು ತಾನಾಗಿ ಇಳಿಯಿತು. ಇನ್ನೊಮ್ಮೆ ಬಂದರೆ ದವಾಖಾನೆಗೆ ಓಡು," ಎಂದೆ. ಅವಳು ನಕ್ಕಳು. "ನೀವೇ ಹೀಗೆ ಹೇಳಿದರೆ ಹೇಗೆ? ಬೋರ್ಡಿನಲ್ಲಿ ಬರೆದಿದ್ದೀರಲ್ಲ?" ಎಂದಳು. ನಾನು ಮಾಡಿದವನು, ಎದುರಿಗೆ ನಿಂತಿದ್ದೇನೆ, ನನ್ನ ಮಾತು ನಂಬುವುದಿಲ್ಲ, ನನ್ನ ಬೋರ್ಡು ನಂಬುತ್ತಾಳೆ. ಕೊನೆಗೆ ನಿನ್ನ ಕಾಗದ ತೆಗೆದು ಓದಿದೆ. ನಿನ್ನನ್ನು ಕೇಳದೆ ಓದಿದ್ದಕ್ಕೆ ಕ್ಷಮಿಸು. ಬಸ್ಸಿನ ಮಾತು ಬರುವ ಹೊತ್ತಿಗೆ ಅವಳು ಮಗಳನ್ನು ಎತ್ತಿಕೊಂಡಿದ್ದಳು. ಮುಗಿದ ಮೇಲೆ ಎರಡೂ ಬಾಟಲಿ ತಂದು ನನ್ನ ಕೈಗೆ ಕೊಟ್ಟಳು. ಬಾಗಿಲವರೆಗೂ ಬರಲಿಲ್ಲ.

ಮೋನಪ್ಪ ಬೋರ್ಡಿನ ಕೆಳಗಿನ ಸಾಲಿಗೆ ಬಣ್ಣ ಬಳಿದ. ಕೂಲಿ ತೆಗೆದುಕೊಳ್ಳಲಿಲ್ಲ. "ಬರೆದದ್ದು ನನ್ನ ಕೈ. ಅಳಿಸುದಕ್ಕೆ ಕೂಲಿ ಯಾಕೆ?" ಎಂದ. ಅದರ ಜಾಗದಲ್ಲಿ, ಜ್ವರವಿದ್ದರೆ ಇದನ್ನು ಕೊಡಬೇಡಿ, ಡಾಕ್ಟರರ ಕಡೆ ಒಯ್ಯಿರಿ ಎಂದು ಮೂರು ಭಾಷೆಯಲ್ಲಿ ಬರೆಸಿದೆ. ಸ್ಲೈಡು ನಿಲ್ಲಿಸಿದೆ. ಆದರೆ ಮುಖದ ಮೇಲೆ ಬಣ್ಣ ಬಳಿಯಲು ಅವನ ಕೈ ಏಳಲಿಲ್ಲ. ನನ್ನದೂ ಏಳಲಿಲ್ಲ. ಮುಖ ಇದ್ದರೆ ಜನ ನಿಂತು ಆ ಹೊಸ ಸಾಲನ್ನು ಓದುತ್ತಾರೆ ಎಂದು ಒಮ್ಮೆ ಅನಿಸುತ್ತದೆ. ಹಾಗೆ ಅನಿಸುವುದೂ ವ್ಯಾಪಾರದ ಬುದ್ಧಿಯೇ ಇರಬೇಕು. ಇಡಲೇ, ಅಳಿಸಲೇ? ನೀನು ಹೇಳಿದ ಹಾಗೆ.

ಊರಿಗೆ ಬರುವ ಮಾತನ್ನು ನಾನು ಎತ್ತುವುದಿಲ್ಲ.

ಮುರಿಗೆಪ್ಪ


ಬೈಲಹೊಂಗಲ
12 ನವೆಂಬರ್ 1953

ಅಣ್ಣಾ,

ದೀಪಾವಳಿಗೆ ಇವರು ಬಂದಿದ್ದರು. ಫೆಬ್ರುವರಿಯಿಂದ ನೀನು ಬರೆದ ಕಾಗದಗಳನ್ನೆಲ್ಲ ಅವರ ಮುಂದಿಟ್ಟೆ. ನಾನು ನಿನಗೆ ಏನೇನು ಬರೆದೆ ಎಂಬುದನ್ನೂ ಬಾಯಿಂದ ಹೇಳಿದೆ. ಎಲ್ಲವನ್ನೂ ಓದಿದರು. ಹೊರಗೆ ಹೋಗಿ ಬಹಳ ಹೊತ್ತಿಗೆ ಬಂದರು. "ನಿಮ್ಮಣ್ಣನ ಮಾರಿ ನನಗ ಈಗ ನೋಡಾಕ ಆಗೂದಿಲ್ಲಾ. ಆದ್ರ ನೀ ಕರದ್ರ ಬ್ಯಾಡ ಅನ್ನೂದಿಲ್ಲಾ," ಎಂದರು. ಎರಡನೆಯ ದಿನವೇ ಒಯ್ಯೋಣ ಎಂದಿದ್ದನ್ನು ಅತ್ತೆಯವರು ಇಂದಿನವರೆಗೂ ನನಗೆ ಎತ್ತಿ ಆಡಿಲ್ಲ.

ಸೇವಂತಿಗೆ ಓದಿ ಹೇಳಿದ್ದು ಒಳ್ಳೆಯದಾಯಿತು. ಅವಳ ಮಗಳ ಹೆಸರೇನೆಂದು ನೀನು ಎರಡು ಕಾಗದದಲ್ಲೂ ಬರೆಯಲಿಲ್ಲ.

ನೀನು ಮುಖದ ಬಗ್ಗೆ ಕೇಳಿದ್ದೆ. ಬಹಳ ದಿನ ವಿಚಾರ ಮಾಡಿದೆ. ಇರಲಿ ಎಂದೇ ಮೊದಲು ಅನಿಸಿತು. ಒಂದು ಊರಿನ ಗೋಡೆಯ ಮೇಲಾದರೂ ಇರಲಿ, ದಿನವೂ ಸಾವಿರ ತಾಯಂದಿರು ನೋಡಲಿ ಎಂದು. ಆದರೆ ಅಲ್ಲಿರುವುದು ಕಾಂತು ಅಲ್ಲ. ಎರಡು ಹಲ್ಲು ಬಂದವನು, ಗೋಡೆ ಹಿಡಿದು ನಡೆದವನು, ಹೊಸ್ತಿಲು ದಾಟಿ ಮಾಮಾ ಎಂದವನು ನಾನು ಕಾಗದದ ಮೇಲೆ ಮಾಡಿದ ಹುಡುಗ. ನೀನು ಅವನನ್ನು ಅಚ್ಚು ಹಾಕಿಸಿದೆ. ಈಗ ಅವನೇ ನನಗೆ ಹೆಚ್ಚು ನೆನಪಾಗುತ್ತಾನೆ. ಕಣ್ಣು ಮುಚ್ಚಿದರೆ ನಡೆದು ಬರುವವನು ಅವನೇ. ನನ್ನ ಮಗ ಹೇಗೆ ಕೂರುತ್ತಿದ್ದ, ಯಾವ ಕಡೆಗೆ ವಾಲುತ್ತಿದ್ದ ಎಂದು ನೆನೆಯಲು ಹೋದರೆ ಈ ಹುಡುಗ ನಡುವೆ ಬಂದು ನಿಲ್ಲುತ್ತಾನೆ.

ಅಳಿಸು, ಅಣ್ಣಾ. ಗೋಡೆಯ ಮೇಲಿಂದಲೂ ಲೇಬಲ್ಲಿನಿಂದಲೂ. ಅರ್ಕ ಮಾರುವುದು ಬಿಡುವುದು ನಿನಗೆ ಬಿಟ್ಟದ್ದು. ಮಾರಿದರೆ ಅಕ್ಷರ ಮಾತ್ರ ಇರಲಿ, ಅದೂ ನಿಜವಿದ್ದಷ್ಟು. ನನಗೆ ಹಲ್ಲಿಲ್ಲದ ನನ್ನ ಒಂಬತ್ತು ತಿಂಗಳ ಮಗ ಸಾಕು.

ಅಳಿಸಿಯಾದ ಮೇಲೆ ವೈನಿಯನ್ನು ಕರೆದುಕೊಂಡು ಬಾ. ಇವರು ನಿನ್ನೊಡನೆ ಮಾತಾಡಲಿಕ್ಕಿಲ್ಲ. ನಾನೂ ಎಷ್ಟು ಮಾತಾಡುವೆನೋ ಗೊತ್ತಿಲ್ಲ. ಆದರೆ ಅವನನ್ನು ಮಣ್ಣು ಮಾಡಿದ ಜಾಗವನ್ನು ಅವನ ಸೋದರಮಾವ ಇನ್ನೂ ನೋಡಿಲ್ಲ. ನಾನು ಕರೆದೊಯ್ಯುತ್ತೇನೆ. ಬಾ.

ಅಂಬವ್ವ